ಪಕ್ಕದ ಮಂಚದವನು

“ಕುರ್ಚಿ ಬೇಡಪ್ಪಾ, ನಿಂತೇ ಹೇಳಿಬಿಡ್ತೀನಿ. ಕೂತ್ರೆ ನನಗೆ ಮಾತು ಹೊರಡಲ್ಲ,” ಎಂದಳು ಆಕೆ.

ಇಸ್ತ್ರಿ ಅಂಗಡಿಯ ಹಿಂಬದಿಯ ಕಿಟಕಿಯ ಬಳಿ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದ ತಮ್ಮ ಎದ್ದು ನಿಂತ. ಕ್ಷಯವೆಂದು ಸೈನ್ಯದವರು ಅವನನ್ನು ಬಿಡುಗಡೆ ಮಾಡಿ ಮೂರು ವಾರವಾಗಿತ್ತು. ಯುದ್ಧ ಇನ್ನೂ ನಡೆಯುತ್ತಲೇ ಇತ್ತು. ಅವನು ತರಬೇತಿ ಶಿಬಿರವನ್ನೂ ದಾಟಿರಲಿಲ್ಲ. ಮುಂದಿನ ಮೇಜಿನ ಬಳಿ ಅವನ ಅಣ್ಣ ಯಾರದೋ ಕೋಟಿಗೆ ಇಸ್ತ್ರಿ ಹಾಕುತ್ತಿದ್ದ.

ಬಂದಾಕೆ ಗುಬ್ಬಿಯ ತಾಯಿ. ಗುಬ್ಬಿ ಎಂದರೆ ಶಿಬಿರದಲ್ಲಿ ಏಳು ತಿಂಗಳು ತಮ್ಮನ ಪಕ್ಕದ ಮಂಚದಲ್ಲಿ ಮಲಗಿದ ಸಿಪಾಯಿ. ಈ ಅಣ್ಣತಮ್ಮಂದಿರ ಹಾಗೆ, ಇವರ ದೇಶದಿಂದಲೇ ಇಲ್ಲಿಗೆ ವಲಸೆ ಬಂದವರು ಅವರೂ. ಎರಡು ವರ್ಷ ಸೈನ್ಯದಲ್ಲಿ ದುಡಿದರೆ ಮನೆಮಂದಿಗೆಲ್ಲ ಇಲ್ಲಿನ ಪೌರತ್ವ ಸಿಗುತ್ತದೆಂಬ ಮಾತು ನಂಬಿ ಅವನೂ ಸೇರಿದ್ದ.

“ನನ್ನ ಮಗನಿಗೂ ಅದೇ ಕಾಯಿಲೆ. ಶಿಬಿರದ ಆಸ್ಪತ್ರೇಲಿ ಮಲಗ್ಸಿದಾರೆ.”

ಈಗ ಬೈಗುಳ ಶುರುವಾಗುತ್ತದೆ ಎಂದುಕೊಂಡ ತಮ್ಮ. ಶುರುವಾಗಲಿ ಎಂದೂ ಅನ್ನಿಸಿತು.

ಆಕೆ ತಲೆ ತಗ್ಗಿಸಿದಳು. “ನಮ್ಮಿಂದ ತಪ್ಪಾಯ್ತಪ್ಪಾ. ಚಿಕ್ಕಂದಿನಿಂದ ಅವನ ಎದೆ ಸರಿಯಿಲ್ಲ. ಸೇರೋವಾಗ ಬಾಯಿ ಬಿಡಲಿಲ್ಲ. ಪಕ್ಕದಲ್ಲಿ ಮಲಗಿ ನಿನಗೂ ಅಂಟಿಸಿಬಿಟ್ಟ. ನಿನಗೆ ಮೊದಲು ಕಾಣಿಸ್ಕೊಳ್ತು ಅಷ್ಟೇ, ಕಾಯಿಲೆ ನಮ್ಮನೇದು. ನಿಮ್ಮ ಪೌರತ್ವಕ್ಕೂ ನಾವೇ ಕಲ್ಲು ಹಾಕಿದ ಹಾಗಾಯ್ತು.”

ಅಣ್ಣನ ಕೈ ನಿಂತಿತು. ಬಟ್ಟೆ ಕಮರುವ ವಾಸನೆ ಬಂದ ಮೇಲೆಯೇ ಅವನು ಇಸ್ತ್ರಿಪೆಟ್ಟಿಗೆಯನ್ನು ಮೇಲೆತ್ತಿದ್ದು.

ಸೈನ್ಯ ಸೇರುವ ಮೊದಲೇ ತಮ್ಮನ ಕೆಮ್ಮಿನಲ್ಲಿ ರಕ್ತ ಬೀಳುತ್ತಿತ್ತು. ಸೈನ್ಯದವರು ಎದೆಯ ಎಕ್ಸ್‌ರೇ ತೆಗೆದ ದಿನ ತಮ್ಮನ ಹೆಸರು ಕೂಗಿದಾಗ ಅಂಗಿ ಬಿಚ್ಚಿ ಒಳಗೆ ಹೋದವನು ಅಣ್ಣ. ಅಣ್ಣನಿಗೆ ಸೇರುವ ವಯಸ್ಸು ಮೀರಿತ್ತು, ಎದೆ ಗಟ್ಟಿಯಿತ್ತು. ಇವರ ದೇಶದವರ ಮುಖಗಳೆಲ್ಲ ಅಲ್ಲಿನ ಗುಮಾಸ್ತನಿಗೆ ಒಂದೇ ತರಹ ಕಂಡಿರಬೇಕು. ಫೋಟೊ ನೋಡಿದ, ಅಣ್ಣನನ್ನು ನೋಡಿದ, ಮುದ್ರೆ ಒತ್ತಿದ. ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು.

“ಅಮ್ಮಾ, ಅದು ಹಾಗಲ್ಲ...” ಎಂದ ತಮ್ಮ.

“ಮನಸ್ಸಿಗೆ ಹಚ್ಕೋಬೇಡಿ ಅಮ್ಮಾ,” ಅಣ್ಣ ನಡುವೆ ಬಾಯಿ ಹಾಕಿದ. “ಯಾರಿಂದ ಯಾರಿಗೆ ಬಂತು ಅಂತ ಕಂಡೋರ್ಯಾರು?”

“ಅವನು ಕಂಡಿದಾನಲ್ಲ! ಅದಕ್ಕೇ ಊಟ ಬಿಟ್ಟು ಮಲಗಿದಾನೆ. ಗುಬ್ಬಿ ಅಂತಿದ್ರಂತೆ ನೀವೆಲ್ಲ. ನಮ್ಮನೇಲಿ ಅವನು ತಿನ್ನೋದು ನೋಡಿದ್ದಿದ್ರೆ ಆನೆ ಅಂತಿದ್ರಿ.” ನಕ್ಕು, ಮುಂಗೈಯಿಂದ ಕಣ್ಣೊರೆಸಿಕೊಂಡಳು. “ಕೋಪ ಇಲ್ಲ ಅಂತ ನಿನ್ನ ಕೈಯಾರೆ ಒಂದು ಕಾಗದ ಬರ್ಕೊಡಪ್ಪಾ. ನಿನ್ನ ಅಕ್ಷರ ನೋಡಿದ್ರೆ ಎರಡು ತುತ್ತು ತಿಂತಾನೆ.”

ಹಾಳೆ ಹುಡುಕುವ ನೆಪದಲ್ಲಿ ಅಣ್ಣ ಹಿಂದಕ್ಕೆ ಬಂದ. ಆಕೆಗೆ ಬೆನ್ನು ಮಾಡಿ ಪಿಸುಗುಟ್ಟಿದ. “ಶಿಬಿರದ ಕಾಗದಗಳನ್ನ ಒಡೆದು ಓದ್ತಾರೆ, ಗೊತ್ತಲ್ಲ? ಹೆಂಡ್ತಿ ಮಕ್ಕಳ ಸಮೇತ ಗಡಿಯಾಚೆ ಎಸೀತಾರೆ ಕಣೋ ನಮ್ಮನ್ನ.”

“ಬಾಯಲ್ಲಾದ್ರೂ ಹೇಳ್ತೀನಿ.”

“ಹೇಳು. ಮಗನಿಗೆ ಕಾಯಿಲೆ ಹಚ್ಚಿದವರನ್ನ ಯಾವ ತಾಯಿ ಬಿಡ್ತಾಳೆ?”

ತಮ್ಮ ಕೂತು ಬರೆದ: ‘ಗುಬ್ಬಿ, ನನಗೆ ನಿನ್ನ ಮೇಲೆ ಕೋಪವಿಲ್ಲ. ಕಾಯಿಲೆ ನಿನ್ನಿಂದ ಬಂದದ್ದಲ್ಲ.’ ಅಣ್ಣ ಎರಡನೆಯ ಸಾಲಿನ ಕೆಳಗೆ ಹೆಬ್ಬೆರಳಿಟ್ಟ. “ಮತ್ತೆ ಯಾರಿಂದ ಅಂತ ಕೇಳಲ್ವಾ?” ತಮ್ಮ ಆ ಹಾಳೆಯನ್ನು ಮುದುಡಿ ಜೇಬಿಗೆ ತುರುಕಿ, ಇನ್ನೊಂದು ತೆಗೆದುಕೊಂಡ.

ಹೊಸ ಕಾಗದವನ್ನು ಓದಿ ಹೇಳೆಂದಳು ಗುಬ್ಬಿಯ ತಾಯಿ. ಆಕೆಗೆ ಓದಲು ಬರುತ್ತಿರಲಿಲ್ಲ. “ನನಗೆ ನಿನ್ನ ಮೇಲೆ ಕೋಪವಿಲ್ಲ. ಊಟ ಮಾಡು,” ಎಂದು ಓದಿದ.

“ಕ್ಷಮಿಸಿದೀನಿ ಅಂತಲೂ ಹಾಕು. ಅದಿಲ್ದೆ ಅವನು ಸುಮ್ಮನಾಗಲ್ಲ.”

ತಮ್ಮ ಅಣ್ಣನ ಕಡೆ ನೋಡಿದ. ಅಣ್ಣ ಕೋಟಿನ ಕಮರಿದ ಜಾಗವನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದ. ತಮ್ಮ ಅದನ್ನೂ ಬರೆದ; ಕೆಳಗೆ ರುಜು ಹಾಕಿದ.

ಕಾಗದ ಮಡಚಿ ಚೀಲದಲ್ಲಿಟ್ಟುಕೊಂಡ ಮೇಲೂ ಆಕೆ ಹೊರಡಲಿಲ್ಲ. “ನೀನು ಹೇಗಿದೀಯ ಅಂತ ಕೇಳ್ತಾನೆ. ಸರಿಯಾಗಿ ನೋಡ್ಕೊಂಡು ಹೋಗ್ತೀನಿ, ತಾಳು,” ಎಂದು ಎರಡೂ ಅಂಗೈಗಳಲ್ಲಿ ಅವನ ಮುಖ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

ತಮ್ಮ ತುಟಿ ಬಿಗಿದು ಉಸಿರು ಕಟ್ಟಿಕೊಂಡ. ಆಕೆ ಹಣೆ, ಕಣ್ಣು, ಕೆನ್ನೆ ಎಂದು ಒಂದೊಂದಾಗಿ, ಅವಸರವಿಲ್ಲದೆ ನೋಡುತ್ತಿದ್ದಳು.