ಹುಳ ಬದುಕದ ಕಾರು

ಯಾವನೋ ಅವನು, ಮುದುಕನಿಗೆ ಮರೆವು ಅಂದೋನು? ವಾಟ್ಸಾಪ್ ಗುಂಪಲ್ಲಿ ಹಲ್ಲು ಕಿರಿಯೋ ಬೊಂಬೆ ಬೇರೆ ಹಾಕಿದ್ದೀಯ. ಕದಿರಮ್ಮ ಮುರುಗಮಲ್ಲದ ಕಡೆಯವಳಂತೆ! ಮಂಡಿಕಲ್ ಪಕ್ಕದ ಹಳ್ಳಿಯವಳು ಕಣೋ. ಅವಳ ಮನೆ ಮುಂದೆ ನಿಂತಿದ್ದ ಆ ಕಾರಿನ ಬಾಗಿಲು ತೆಗೆದು, ಒಳಗಿನ ಗಾಳಿ ಕುಡಿದು, ರಾತ್ರಿ ಊಟ ಸೇರದೆ ಮಲಗಿದವನು ನಾನು. ನೀನಲ್ಲ. ಬಾಯಿ ಮುಚ್ಚಿಕೊಂಡು ಕೇಳು.

ಕದಿರಮ್ಮನ ಗಂಡ ನರಸಿಂಹಪ್ಪನಿಗೆ ಕಾರಿನ ಹುಚ್ಚು ಹಿಡಿದಿತ್ತು. ಹಳೆಯದಾದರೂ ಸರಿ, ಹೆಚ್ಚು ಓಡಿರಬಾರದು ಎನ್ನುವುದು ಅವನ ಹಟ. ಚಿಂತಾಮಣಿಯಲ್ಲಿ ನೋಡಿದ ಕಾರು ಸ್ಟಾರ್ಟ್ ಮಾಡಿದರೆ ಮುದಿ ಎತ್ತಿನಂತೆ ಕೆಮ್ಮುತ್ತಿತ್ತು. ಗೌರಿಬಿದನೂರಿನದರಲ್ಲಿ ಯಾರೋ ಕೋಳಿ ಸಾಗಿಸಿದ್ದರು. ಸೀಟಿನ ಸಂದಿಯಲ್ಲಿ ಪುಕ್ಕ ಸಿಕ್ಕಿತು. ಕೊನೆಗೆ ಚಿಕ್ಕಬಳ್ಳಾಪುರದ ರಿಟೈರ್ಡ್ ಮೇಷ್ಟರು ಪುಟ್ಟಸ್ವಾಮಯ್ಯನವರ ಶೆಡ್ಡಿನಲ್ಲಿ ಒಂದು ಇದೆಯೆಂದು ತಿಳಿಯಿತು.

ಅವತ್ತು ಕದಿರಮ್ಮನೂ ಜೊತೆಗೆ ಹೋದಳು. ಅವಳ ರೇಷ್ಮೆ ಹುಳಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಪೊರೆ ಬಿಡುವುದು; ಆಗ ಹುಳ ತಲೆಯೆತ್ತಿಕೊಂಡು ನಿದ್ದೆ ಮಾಡುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಹುಳ ಸಾಕುವ ಹೆಂಗಸಿಗೆ ಮನೆ ಬಿಟ್ಟು ಹೊರಡಲು ಅದೊಂದೇ ಬಿಡುವು.

ಮೇಷ್ಟರು ದೇವರ ವಿಗ್ರಹದ ಬಟ್ಟೆ ಬಿಚ್ಚುವ ಹಾಗೆ ಕಾರಿನ ಮೇಲಿನ ಬೆಡ್‌ಶೀಟುಗಳನ್ನು ಒಂದೊಂದೇ ತೆಗೆದರು. ಸೀಟಿಗೆ ಕಂಪನಿಯ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು.

"ಮಳೆ ಕಂಡಿಲ್ಲ, ಬಿಸಿಲು ಕಂಡಿಲ್ಲ. ಆಯುಧಪೂಜೆ ದಿನ ಗೇಟಿನವರೆಗೆ ತರ್ತೀನಿ, ಹಂಗೇ ರಿವರ್ಸು," ಎಂದರು.

ಕಾಫಿ ತಂದ ಅವರ ಹೆಂಡತಿ ಸಾವಿತ್ರಮ್ಮ ಕದಿರಮ್ಮನ ಕಿವಿಯ ಹತ್ತಿರ ಬಾಗಿದರು. "ನನ್ನ ತಂಗಿ ಮದುವೆಗೂ ಬಸ್ಸಲ್ಲೇ ಹೋಗಿದ್ದು ಕಣಮ್ಮ. ನಾನು ಕೂತ್ರೆ ಸೀಟು ಸುಕ್ಕಾಗತ್ತಂತೆ. ಕೊನೆಗೆ ಸುಕ್ಕಾಗಿದ್ದು ನಾನು."

ಮೇಷ್ಟರು ಡಿಕ್ಕಿ ಎತ್ತಿದರು. ಒಳಗಿನಿಂದ ಬಂದ ವಾಸನೆಗೆ ಕದಿರಮ್ಮ ಸೆರಗನ್ನು ಮೂಗಿಗೆ ಒತ್ತಿ ಹಿಂದೆ ಸರಿದಳು. ಮೂಲೆ ಮೂಲೆಗೆ ನುಸಿಗುಳಿಗೆ, ಮ್ಯಾಟಿನ ಕೆಳಗೆ ಬಿಳಿ ಪುಡಿ, ಡಿಕ್ಕಿಯ ಒಳಮೈಗೆ ಔಷಧಿ ಹೊಡೆದು ಹೊಡೆದು ಹಳದಿಗಟ್ಟಿದ ಕಲೆ.

"ಇಲಿ ಬಂದ್ರೆ ವೈರು ಕಡಿಯುತ್ತೆ, ಜಿರಳೆ ಬಂದ್ರೆ ಸೀಟು ತಿನ್ನುತ್ತೆ. ಅದಕ್ಕೇ ವಾರವಾರ ಹೊಡೀತೀನಿ. ಒಂದು ಹುಳ ಬದುಕಲ್ಲ ರೀ ಇದರೊಳಗೆ!"

ಅಪ್ಪನ ಕಾಲದಿಂದ ಹುಳದ ಅನ್ನ ತಿಂದ ನರಸಿಂಹಪ್ಪ ಅದನ್ನು ಕೇಳಿ ಮುಖ ಅರಳಿಸಿ ನಿಂತ. ಥೂ!

"ಬೇಡಯ್ಯಾ ಇದು. ವಿಷದ ಡಬ್ಬ," ಎಂದಳು ಕದಿರಮ್ಮ.

"ಬಾಗಿಲು ತೆಗೆದಿಟ್ರೆ ಹೋಗುತ್ತೆ ಕಣೇ. ಎಂಥಾ ಕ್ಲೀನ್ ಮನುಷ್ಯ ನೋಡು!"

ಆ ಕ್ಲೀನ್ ಮನುಷ್ಯನ ಕಾರಿನಲ್ಲಿ ಅವಳು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದಳು. ಊರು ತಲುಪಿದ ಕೂಡಲೇ ಕಟ್ಟು ಹಾಕಿದಳು: ಕಾರು ಬೀದಿಯ ಆ ತುದಿಯಲ್ಲೇ ನಿಲ್ಲಬೇಕು. ಕಾರಿನಲ್ಲಿ ಕೂತವನು ತಲೆಗೆ ಸ್ನಾನ ಮಾಡದೆ ಹುಳದ ಮನೆಯ ಹೊಸ್ತಿಲು ಮುಟ್ಟಬಾರದು. ಮಲ್ಲಿಗೆ ಮುಡಿದವರನ್ನೂ ಬೀಡಿ ಸೇದಿದವರನ್ನೂ ಆಚೆಗೇ ನಿಲ್ಲಿಸುವವಳು ಅವಳು. ಗಂಡನಿಗೆ ವಿನಾಯಿತಿ ಕೊಡುತ್ತಾಳೆಯೇ?

ಜ್ವರ ಎದ್ದ ಹುಳಗಳಿಗೆ ಹಸಿವೋ ಹಸಿವು. ಇನ್ನು ಕೆಲವು ದಿನ ಹೊಟ್ಟೆ ತುಂಬಿಸಿದರೆ ಹಣ್ಣಾಗಿ ಗೂಡು ಕಟ್ಟುತ್ತವೆ, ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗುತ್ತದೆ. ಅಷ್ಟರಲ್ಲಿ ತೋಟದ ಸೊಪ್ಪು ಮುಗಿಯಿತು. ಪಕ್ಕದೂರಿನಲ್ಲಿ ಸೊಪ್ಪು ಕುಯ್ಯಿಸಿ ಟೆಂಪೋದಲ್ಲಿ ತಾ ಎಂದು ಅವಳು ಗಂಡನನ್ನು ಕಳಿಸಿದಳು. ಟೆಂಪೋದವನು ಬರುವುದು ತಡವಾಯಿತು. ಕಾಯುವ ತಾಳ್ಮೆ ಎಲ್ಲಿಂದ ಬರಬೇಕು ಆ ಮಹಾರಾಯನಿಗೆ? ಡಿಕ್ಕಿಯಲ್ಲಿ ಒದ್ದೆ ಗೋಣಿ ಹಾಸಿದ, ಸೊಪ್ಪು ತುರುಕಿದ. ಊರ ಹೊರಗೆ ಅದನ್ನು ಬುಟ್ಟಿಗೆ ಸುರಿದುಕೊಂಡು, ಸ್ನಾನವನ್ನೂ ಮಾಡಿ, ಹೊತ್ತುಕೊಂಡು ಬಂದ.

"ಯಾವುದ್ರಲ್ಲಿ ತಂದೆ?"

"ಟೆಂಪೋದಲ್ಲೇ ಕಣೇ. ಇನ್ಯಾವುದ್ರಲ್ಲಿ?"

ಅವಳು ಮೂಸಿದಳು. ಗೋಣಿಯ ಮುಗ್ಗಲು ವಾಸನೆ ಮಿಕ್ಕಿದ್ದನ್ನೆಲ್ಲ ಮುಚ್ಚಿತ್ತು. ನಂಬಿದಳು. ತನ್ನ ಕೈಯಾರೆ ತಟ್ಟೆತಟ್ಟೆಗೆ ಉಣಿಸಿದಳು.

ಬೆಳಗ್ಗೆ ಬಾಗಿಲು ತೆಗೆದರೆ ಹುಳದ ಮನೆಯಲ್ಲಿ ಸದ್ದೇ ಇಲ್ಲ. ಸೊಪ್ಪು ಕಡಿಯುವಾಗ ಸೋನೆ ಮಳೆಯಂತೆ ಕೇಳುತ್ತಿದ್ದ ಸದ್ದು ಸತ್ತುಹೋಗಿತ್ತು. ಹುಳಗಳು ತಲೆಯೆತ್ತಿ ಅತ್ತಿತ್ತ ತೂಗುತ್ತಿದ್ದವು, ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಮಿಕ್ಕವು ಕುಗ್ಗಿ, ಕಪ್ಪಾಗಿ, ಒಂದಕ್ಕೊಂದು ಅಂಟಿ ಲೋಳೆಯಾಗಿದ್ದವು. ಕೈ ಹಾಕಿದರೆ ಬೆರಳ ಸಂದಿಯಲ್ಲಿ ಪಿಚಕ್ಕೆಂದವು.

ಕದಿರಮ್ಮ ಆ ಕೈಯಲ್ಲೇ ಬೀದಿಯ ತುದಿಗೆ ಹೋಗಿ ಡಿಕ್ಕಿ ಎತ್ತಿದಳು. ಬಿಳಿ ಪುಡಿಗೆ ಹಿಪ್ಪುನೇರಳೆ ಎಲೆ ಅಂಟಿಕೊಂಡಿತ್ತು.

ಹಿಂದೆಯೇ ಬಂದ ನರಸಿಂಹಪ್ಪ, "ಹತ್ತಿರ ತಾನೇ ಅಂತ..." ಎಂದ.

"ಏಂ ಮನಿಷಿವಯ್ಯಾ ನುವ್ವು? ಮನುಷ್ಯನೇನಯ್ಯಾ ನೀನು? ನನ್ನ ಕೈಲೇ ವಿಷ ಇಡಿಸಿದ್ಯಲ್ಲ!"

ಒಂದು ತಟ್ಟೆಯೂ ಉಳಿಯಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ ಮಂಕರಿಗಟ್ಟಲೆ ಸುರಿದರು. ನಾತಕ್ಕೆ ನೊಣ ಬಂದವು. ನಾಯಿಗಳು ಮೂಸಿ ವಾಪಸ್ ಹೋದವು.

ಇಷ್ಟಾದ ಮೇಲೆ ಆ ಗಂಡಸು ಮಾಡಿದ್ದೇನು? ಡಿಕ್ಕಿಯನ್ನು ಶಾಂಪೂ ಹಾಕಿ ಉಜ್ಜಿದ, ಅತ್ತರು ಚಿಮುಕಿಸಿದ, ಕಾರನ್ನು ಮನೆ ಮುಂದಕ್ಕೇ ತಂದು ನಿಲ್ಲಿಸಿದ, ಮಾರಲೆಂದು ಶಿಡ್ಲಘಟ್ಟದ ಕಡೆಯ ಕೋನಪ್ಪನನ್ನು ಕರೆಸಿದ. ಕೋನಪ್ಪನೂ ಹುಳ ಸಾಕುವವನೇ.

"ಮೇಷ್ಟರ ಕಾರು ಕೋನಪ್ಪ. ಓಡೇ ಇಲ್ಲ. ಡಿಕ್ಕಿ ನೋಡು, ಸೊಪ್ಪು ತರೋಕೂ ಆಗುತ್ತೆ."

ಬಾಗಿಲಲ್ಲಿ ನಿಂತಿದ್ದ ಕದಿರಮ್ಮನಿಗೆ ಮೈಯೆಲ್ಲ ಹೇಸಿಗೆಯಾಯಿತು. ಹೊರಗಿನವರೆದುರು ಗಂಡನ ಮಾತು ತೆಗೆದುಹಾಕುವುದು ಆ ಮನೆಯಲ್ಲಿ ಎಂದೂ ನಡೆದಿರಲಿಲ್ಲ.

"ಕೋನಪ್ಪ, ನಿಮ್ಮನೇಲಿ ಹುಳ ಎಷ್ಟನೇ ಜ್ವರ?"

"ಎರಡನೇದು ಎದ್ದವೆ ಅಕ್ಕ."

"ಬಾ ಹಂಗಾದ್ರೆ ಹಿತ್ತಲಿಗೆ."

ಅವಳು ಗುದ್ದಲಿ ಹಿಡಿದು ಗುಂಡಿಯ ಮಣ್ಣು ಸರಿಸಿದಳು. "ಇವು ಆ ಡಿಕ್ಕಿ ಸೊಪ್ಪು ತಿಂದವು."

ಕೋನಪ್ಪ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡ. ಮಾಡಿಟ್ಟಿದ್ದ ಕಾಫಿಯನ್ನೂ ಮುಟ್ಟದೆ ಹೊರಟುಹೋದ.

"ಮನೆ ಮಾನ ತೆಗೆದ್ಯಲ್ಲೇ!" ಎಂದು ಕಿರುಚಿದ ನರಸಿಂಹಪ್ಪ.

"ಗುಂಡೀಲಿದೆ. ಬೇಕಾದ್ರೆ ಅಗೆದುಕೋ," ಎಂದು ಗುದ್ದಲಿಯನ್ನು ಅವನ ಕಾಲ ಬಳಿ ಎಸೆದಳು.

ಅವನು ಅಗೆಯಲಿಲ್ಲ. ಅವಳು ಗೂಡಿನ ಮಾರ್ಕೆಟ್ಟಿಗೆ ಬರಿಗೈಲಿ ಹೋಗಿ ಹೊಸ ಹುಳದ ಮೊಟ್ಟೆಗೆ ಹೇಳಿ ಬರುವಷ್ಟರಲ್ಲಿ ಕಾರನ್ನು ಚಿಂತಾಮಣಿಯ ಯಾವನೋ ಬ್ರೋಕರಿಗೆ ದಾಟಿಸಿಬಿಟ್ಟಿದ್ದ. ಹೊಸ ಮ್ಯಾಟು, ಅದೇ ಮಾತು: ಮೇಷ್ಟರದು, ಓಡೇ ಇಲ್ಲ. ಆಮೇಲೆ ಯಾರ ಮನೆಗೆ ಹೋಯಿತೋ ಕದಿರಮ್ಮನಿಗೂ ತಿಳಿಯಲಿಲ್ಲ. ಕಂಡಕಂಡ ಹುಳ ಸಾಕುವವರನ್ನೆಲ್ಲ ಆ ಕಾರು ಕಂಡಿರಾ ಎಂದು ಅವಳು ಇವತ್ತಿಗೂ ಕೇಳುತ್ತಾಳೆ.

ನಿಮ್ಮ ಕಡೆ ಹುಳ ಸಾಕೋರು ಇದ್ದಾರಲ್ಲಪ್ಪ? ನಗೋ ಬೊಂಬೆ ಆಮೇಲೆ ಹಾಕೋವಂತೆ. ಮೊದಲು ಇದನ್ನ ಅವರಿಗೆ ಕಳಿಸು. ಅವರ ಬಾಗಿಲಿಗೆ ಆ ಕಾರು ಹೋಗೋ ಮುಂಚೆ ಈ ಕಥೆ ಹೋಗಲಿ.