ಹರಿದ ಸ್ಪೀಕರಿನ ಮಾಳಿಂಗ

ದೇವಣಗಾಂವದ ಮಾಳಿಂಗನನ್ನು ಕಣ್ಣು ಮುಚ್ಚಿಕೊಂಡೇ ನಡಿಗೆಯಿಂದ ಗುರುತಿಸಬಹುದಿತ್ತು: ಮೂರು ಭಾರವಾದ ಹೆಜ್ಜೆ, ಆಮೇಲೆ ಏನೋ ಮರೆತು ಬಂದವನಂತೆ ತಡವಾಗಿ ನಾಲ್ಕನೆಯದು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಮದುವೆ ಮೆರವಣಿಗೆಗಳಲ್ಲಿ ಕೊರಳಿಗೆ ಬ್ಯಾಂಜೊ ನೇತುಹಾಕಿಕೊಂಡು ಬಾರಿಸುವ ಹುಚ್ಚು ಹಿಡಿಸಿಕೊಂಡು, ಬಿರುಬೇಸಿಗೆಯಲ್ಲೂ ತನ್ನ ಕೆಂಪು ಕೋಟಿನ ಒಂದು ಗುಂಡಿಯನ್ನೂ ಬಿಚ್ಚದ ಈ ಆಸಾಮಿಗೆ ಆ ನಡಿಗೆ ಬಂದದ್ದು ಒಂದು ಹಾಡಿನಿಂದ.

ತೊಂಬತ್ತನಾಲ್ಕರಲ್ಲಿ ಅವನ ಬ್ಯಾಂಜೊದ ಸ್ಪೀಕರಿನೊಳಗಿನ ಕಾಗದ ಹರಿಯಿತು. ತಂತಿ ಮೀಟಿದರೆ ಘರ್ರೆನ್ನುವ ಕರ್ಕಶ ನಾದ. ಬ್ಯಾಂಜೊ ಪಾರ್ಟಿಯ ಯಜಮಾನ ರೇವಣಪ್ಪ ಕಡ್ಡಿ ಮುರಿದಂತೆ ಹೇಳಿದ: "ರಿಪೇರಿ ಮಾಡಿಸು. ಗೊಳಸಂಗಿ ಮದುವ್ಯಾಗ ಮಾನ ಕಳದಿ ಅಂದ್ರ ಬ್ಯಾಂಜೊ ಇಟ್ಟು ಕುರಿ ಹಿಂದ ಹೋಗು." ಬ್ಯಾಂಜೊ ಬಿಟ್ಟರೆ ಮಾಳಿಂಗನಿಗೆ ಬದುಕೇ ಇರಲಿಲ್ಲ.

ಸಿಂದಗಿಯಲ್ಲಿ ರೇಡಿಯೊ ರಿಪೇರಿಯ ಶಹಾಬುದ್ದೀನ ಚಾಚಾ ಸ್ಪೀಕರು ಬಿಚ್ಚುವ ಹೊತ್ತಿಗೆ, ಯಾರೋ ಲಾರಿಯವರು ಬಿಟ್ಟುಹೋದ ಕ್ಯಾಸೆಟ್ಟೊಂದು ಅಂಗಡಿಯಲ್ಲಿ ತಿರುಗುತ್ತಿತ್ತು. ಇಂಗ್ಲಿಷಿನ ಯಾವುದೋ ಹಳೆಯ ಹಾಡು. ಪದ ಒಂದೂ ತಿಳಿಯದು. ಮೂರು ಭಾರವಾದ ಹೊಡೆತ, ಒಂದು ತಡ, ಮತ್ತೆ ಮೂರು. ಗಂಭೀರ ಮಂದಗತಿಯ ಆ ಗಿಟಾರಿನ ದನಿಯೂ ಹರಿದಿತ್ತು! ಮಾಳಿಂಗನ ಮೈ ಝುಂ ಎಂದಿತು.

"ಚಾಚಾ, ಅವರ ಸ್ಪೀಕರೂ ಹರದೈತ್ರಿ. ಆದ್ರೂ ಎಷ್ಟ ದಿಮಾಕಿನಿಂದ ಬಾರಸಾಕತ್ತಾರ ನೋಡ್ರಿ! ನಂದೂ ಹಿಂಗ ಇರ್ಲಿ."

ದೂರದೇಶದವರು ಬೇಕೆಂದೇ ಪಳಗಿಸಿಕೊಂಡ ಕರ್ಕಶತೆಯನ್ನು, ರಿಪೇರಿಗೆ ಗತಿಯಿಲ್ಲದವರ ಛಲವೆಂದು ತಿಳಿದ ಆ ಭೋಳೆತನವೇ ಅವನನ್ನು ಕಾಯಿತು.

ಗೊಳಸಂಗಿಯ ಇಕ್ಕಟ್ಟು ಓಣಿಯಲ್ಲಿ ಎರಡು ಮೆರವಣಿಗೆಗಳು ಎದುರುಬದುರಾದವು. ಯಾವ ಪಾರ್ಟಿಯ ತಾಳ ಮೊದಲು ತಪ್ಪುತ್ತದೋ ಆ ಮದುಮಗನ ಕುದುರೆ ಹಿಂದೆ ಸರಿಯಬೇಕು. ಬ್ಯಾಂಜೊದವರ ರೂಢಿ ಅದು. ಎದುರು ಪಾರ್ಟಿಯ ಮುದ್ದೇಬಿಹಾಳದವರು ಹೊಸ ಸ್ಪೀಕರುಗಳಲ್ಲಿ ಓಡುನಡೆಯ ಸಿನಿಮಾ ಧಾಟಿ ಎತ್ತಿಕೊಂಡರು. ರೇವಣಪ್ಪನ ಮೋರೆ ಬಿಳಿಚಿಕೊಂಡಿತು. ಮಾಳಿಂಗ ತಂತಿಯ ಮೇಲೆ ಆ ಹಾಡಿನ ಮೂರು ಹೊಡೆತ ಹೊಡೆದ. ಕಿಟಕಿಗಳು ಅದುರಿದವು. ಒಂದಿಷ್ಟೂ ಅವಸರಿಸದೆ, ಅದನ್ನೇ ಮತ್ತೆ ಮತ್ತೆ ಬಾರಿಸುತ್ತ, ಅದೇ ಲಯಕ್ಕೆ ಕಾಲಿಡುತ್ತ ಅವನು ಮುಂದುವರಿದಂತೆಲ್ಲ, ಎದುರಿನ ಢೋಲಿನವನ ಕೈ ತನ್ನ ತಾಳ ಬಿಟ್ಟು ಮಾಳಿಂಗನ ತಾಳಕ್ಕೆ ಬಿದ್ದೇಬಿಟ್ಟಿತು. ಅವರ ಮದುಮಗನ ಕುದುರೆ ಹಿಂದೆ ಸರಿಯಿತು! ರೇವಣಪ್ಪ ತನ್ನ ಪಟಕಾ ತೆಗೆದು ಅವನ ತಲೆಗಿಟ್ಟು ಗುಡುಗಿದ: "ಇನ್ನ ಆ ಸ್ಪೀಕರಿಗೆ ಕೈ ಹಚ್ಚಿದವನ ಕೈ ಮುರೀತೇನಿ!"

ಆಮೇಲೆ ಇಂಡಿಯಿಂದ ಬಸವನ ಬಾಗೇವಾಡಿಯವರೆಗೆ ಆ ಹೊಡೆತ ಕೇಳದೆ ಮದುಮಗ ಕುದುರೆ ಹತ್ತಲಿಲ್ಲ. ಅದಕ್ಕಾಗಿ ಗಟ್ಟಿಮುಟ್ಟಾದ ಸ್ಪೀಕರನ್ನು ಬ್ಲೇಡಿನಿಂದ ಸೀಳಿಕೊಂಡ ಪಾರ್ಟಿಗಳೂ ಇದ್ದವು. ಹನ್ನೆರಡು ವರ್ಷಗಳಾದ ಮೇಲೆ, ಕಾಲೇಜು ಓದುತ್ತಿದ್ದ ರೇವಣಪ್ಪನ ಮೊಮ್ಮಗಳು ಐಶ್ವರ್ಯ ಕಂಪ್ಯೂಟರಿನಲ್ಲಿ ಮಾಳಿಂಗನಿಗೆ ಮೂಲ ಹಾಡನ್ನು ಕೇಳಿಸಿ, "ಇದು ನಿಮ್ದಲ್ಲಲ್ರಿ ಕಾಕಾ!" ಎಂದು ಚುಡಾಯಿಸಿದಳು.

"ನಂದ್ಯಾಕ ಆಗ್ತೈತವ್ವಾ? ನಾ ಬರೇ ಮದುವಿಗೆ ಕರದೇನಿ. ಬಂತು, ಉಂಡಿತು, ಇಲ್ಲೇ ಉಳೀತು."

ಹೊಸದನ್ನು ಸೃಷ್ಟಿಸುವ ಪ್ರತಿಭೆ ದೊಡ್ಡದು, ನಿಜ. ಆದರೆ ಎಲ್ಲಿಂದಲೋ ಬಂದ ಅಪರಿಚಿತ ನಾದದಲ್ಲಿ ತಮ್ಮ ಕೊರತೆಯದೇ ದನಿಯನ್ನು ಕೇಳಿಸಿಕೊಂಡು, ಅದನ್ನು ನಡುಬೀದಿಯಲ್ಲಿ ತಲೆಯೆತ್ತಿ ಬಾರಿಸುವ ಇಂಥ ಗಟ್ಟಿಗರಿಲ್ಲದಿದ್ದರೆ, ಯಾವ ಹಾಡೂ ತಾನು ಹುಟ್ಟಿದ ಊರಿನ ಸೀಮೆ ದಾಟುತ್ತಿರಲಿಲ್ಲ.