ಕೆಂಪು ಹಚ್ಚಿದ ಕಿವಿರು

ಪಾಪಮ್ಮ ಕಾಟ್ಲಾ ಮೀನಿನ ಕಿವಿರಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಎತ್ತಿದವಳೇ ಮುಖ ತಿರುಗಿಸಿದಳು. ಬಾಚಣಿಗೆ ಹಲ್ಲಿನಂತೆ ಕೆಂಪಗೆ ಸಾಲಾಗಿರಬೇಕಿದ್ದ ಎಸಳುಗಳು ನೆನೆದ ಹಳೇ ಬಟ್ಟೆಯ ಹಾಗೆ ಬೂದುಗಟ್ಟಿ, ಅಂಚು ಕೊಳೆತು, ಕೀವಿನಂಥ ಲೋಳೆಯಲ್ಲಿ ಅಂಟಿಕೊಂಡಿದ್ದವು. ಮೀನಿಗೆ ಇನ್ನೂ ಜೀವವಿತ್ತು. ಅದು ಬಾಯಿ ತೆರೆದಾಗಲೆಲ್ಲ ಲೋಳೆ ಗುಳ್ಳೆಯಾಗಿ ಒಡೆಯುತ್ತಿತ್ತು. ಇಪ್ಪತ್ತು ವರ್ಷ ಮೀನು ಮಾರಿದವಳಿಗೆ ಮೀನಿನ ವಾಸನೆ ಒಂದು ವಾಸನೆಯೇ ಅಲ್ಲ. ಇದು ಮಾತ್ರ ಗಂಟಲಿಗೆ ಇಳಿದು ಕೂತಿತು.

ಸೋಸಲೆ ಊರಿನ ಆಚೆ ಅವಳೂ ಗಂಡ ಮಾರಯ್ಯನೂ ಗುತ್ತಿಗೆ ಹಿಡಿದಿದ್ದ ನೀರುಕಟ್ಟೆಯ ಮೀನು ಅದು. ಮೀನು ಬೇಗ ದಪ್ಪಗಾಗಲಿ ಎಂದು ಮಾರಯ್ಯ ಬೇಸಿಗೆಯುದ್ದಕ್ಕೂ ಕೋಳಿಫಾರಂ ಗೊಬ್ಬರವನ್ನು ಮೂಟೆಗಟ್ಟಲೆ ಸುರಿದಿದ್ದ. ಈಗ ನೀರಿನ ಮೇಲೆ ಹಸಿರು ಪಾಚಿ ಕೆನೆಗಟ್ಟಿ ದಡದಲ್ಲಿ ಕೊಳೆಯುತ್ತಿತ್ತು. ಹಿಂದಿನ ದಿನ ಮೀನುಗಾರಿಕೆ ಇಲಾಖೆಯ ದಿವ್ಯ ಬಂದು, ಮೂಗಿಗೆ ಕರ್ಚೀಫು ಹಿಡಿದೇ ಹೇಳಿದ್ದಳು: "ಪಾಚಿಯ ವಿಷ ಕಿವಿರನ್ನ ಸುಟ್ಟಿದೆ ಪಾಪಮ್ಮ. ಗಾಯಕ್ಕೆ ರೋಗಾಣು ಹತ್ತಿ ಕೊಳೆಸ್ತಾ ಇದೆ. ಉಸಿರಾಡೋ ಜಾಗನೇ ಹೋದ ಮೇಲೆ ಇನ್ನೇನಿದೆ? ಮಾರಬೇಡಿ. ಸುಣ್ಣ ಹಾಕಿ ಹೂತುಬಿಡಿ."

"ಓದ್ಕ ಬಂದೋಳ್ಗೆ ಏನ್ ಗೊತ್ತು," ಎಂದ ಮಾರಯ್ಯ, ಈಗ ಅವಳ ಪಕ್ಕದಲ್ಲೇ ಕೂತು. ತಟ್ಟೆಯಲ್ಲಿ ಕೆಂಪು ಬಣ್ಣ ಕಲೆಸಿಕೊಂಡು, ಬಟ್ಟೆಯ ಚೂರಿನಿಂದ ಒಂದೊಂದೇ ಮೀನಿನ ಕಿವಿರಿಗೆ ಒತ್ತುತ್ತಿದ್ದ. "ಜನ ಕೆಂಪಗೈತಾ ಅಂತ ನೋಡ್ತಾರೆ, ಅಷ್ಟೆಯ. ಬ್ಯಾಗ ಸಂತೆಗೆ ಓಗಮ್ಮಿ."

"ನಾ ಮುಟ್ಟಕಿಲ್ಲ."

"ವರ್ಸದ್ ಕೂಳು ಕಣಮ್ಮಿ ಇದು!" ಅವನ ದನಿ ಒಡೆಯಿತು. ಆ ದನಿಗೆ ಸೋತು ಅವಳು ಬುಟ್ಟಿ ಹೊತ್ತಳು.

ನರಸೀಪುರದ ಸಂತೆಯಲ್ಲಿ ಎಸ್‌.ಟಿ.ಡಿ. ಬೂತಿನ ಪಕ್ಕ ಅವಳ ಜಾಗ. ಮೊದಲು ಬಂದವನು ದೊಡ್ಡಸಿದ್ದಯ್ಯ, ಪೋಸ್ಟ್‌ಮನ್ ಆಗಿದ್ದು ರಿಟೈರಾದವನು, ಹಳೇ ಗಿರಾಕಿ. "ಮಗ್ಳು ಬಸ್ರಿ ಬಂದವ್ಳೆ ಕಣವ್ವ, ಮೀನ್ಗೆ ಆಸೆ ಬಿದ್ದವ್ಳೆ. ದೊಡ್ಡುದ್ ಒಂದ್ ತೂಗು."

"ಕಿವ್ರು ಎತ್ತಿ ನೋಡಣ್ಣ," ಎಂದಳು ಪಾಪಮ್ಮ. ಅವನು ನೋಡಲಿ, ಬೈದು ಹೋಗಲಿ ಎಂದೇ ಅವಳ ಆಸೆ.

"ನೀ ಕೊಡೋದ್ನ ಎತ್ ನೋಡದೇನವ್ವ?" ಆತ ಚೀಲದ ಬಾಯಿ ಅಗಲಿಸಿ ಹಿಡಿದ.

ತಕ್ಕಡಿಗೆ ಇಟ್ಟ ಮೀನಿನ ಕೆನ್ನೆಯಿಂದ ಕೆಂಪುನೀರು ಇಳಿಯಿತು. ಅದರ ಹಿಂದೆಯೇ ಲೋಳೆ. ಪಾಪಮ್ಮ ತಕ್ಕಡಿ ಇಳಿಸಿದಳು. "ಬ್ಯಾಡ ಕಣಣ್ಣ," ಎಂದವಳೇ ಮುಚ್ಚಳ ಎತ್ತಿ, ಬಣ್ಣವನ್ನು ಸೆರಗಿನ ತುದಿಯಿಂದ ಒರೆಸಿ ತೋರಿಸಿದಳು. "ನಿನ್ ಮಗ್ಳಿಗೆ ಇದ್ನ ಕೊಡ್ಬ್ಯಾಡ."

ಮುದುಕ ಬಾಯಿಗೆ ಕೈ ಅಡ್ಡ ಹಿಡಿದ. ಸುತ್ತ ಜನ ಸೇರಿತು. ಯಾರೋ "ಥೂ" ಎಂದು ಉಗಿದದ್ದು ಅವಳ ಕಾಲ ಬಳಿಯೇ ಬಿತ್ತು. ಅವಳು ಬುಟ್ಟಿ ಮುಚ್ಚಿದಳು. ಕಂಡಕ್ಟರು ನಾರುವ ಬುಟ್ಟಿಯನ್ನು ಬಸ್ಸಿಗೆ ಹತ್ತಿಸಲಿಲ್ಲ, ಬಿಸಿಲಲ್ಲೇ ಕಟ್ಟೆಯವರೆಗೆ ನಡೆದಳು.

ತುಂಬಿದ ಬುಟ್ಟಿ ಕಂಡು ಮಾರಯ್ಯ ಕೂಗಾಡಿದ. "ಮನೆ ಆಳ್ ಮಾಡ್ಬುಟ್ಟೆ! ಇನ್ ಆ ಸಂತೇಲಿ ಯಾರ್ ಕೊಂಡಾರು ನಿನ್ತಾವ?"

"ಕೊಳ್ದಿದ್ರೆ ಕೂಲಿಗೋಗನ," ಎಂದು ಅವಳು ಹಾರೆ ಹಿಡಿದು ಗುಂಡಿ ತೋಡತೊಡಗಿದಳು. ಅವನು ಬಂದು ಹಾರೆ ಕಸಿದುಕೊಂಡು ತಾನೇ ಅಗೆಯತೊಡಗಿದ.

ಹೊತ್ತು ಇಳಿಯುವಾಗ ಮೀನಿನ ಮೇಲೆ ಸುಣ್ಣ, ಸುಣ್ಣದ ಮೇಲೆ ಮಣ್ಣು ಬಿದ್ದಿತ್ತು. ಮಾರಯ್ಯ ಕೈ ತೊಳೆಯಲು ಕಟ್ಟೆಯ ಅಂಚಿಗೆ ಹೋಗಿ ಬಗ್ಗಿದ. ಹಸಿರು ಕೆನೆಯ ಮೇಲೆ ಬೆರಳು ತಾಗುವ ಮೊದಲೇ ತಡೆದು ನಿಂತ. ಆಮೇಲೆ ಎದ್ದು, ಎರಡೂ ಕೈಯನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು, ಊರ ಬೋರ್‌ವೆಲ್ ಕಡೆ ನಡೆದ.